ಸುಗುಣಕ್ಕ ಕುಡಿದು ಉಳಿಸಿದ ಪಾತ್ರೆ

ಕ್ರಿಸ್ತನಲ್ಲಿ ಪ್ರಿಯರಾದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಸಾಕ್ಷಿಯನ್ನು ನಾತದಿಂದಲೇ ಶುರು ಮಾಡುತ್ತೇನೆ. ಕ್ಷಮಿಸಿ, ನನಗೆ ಬೇರೆ ದಾರಿ ಇಲ್ಲ. ಸಾಕ್ಷಿ ಎಂದರೆ ಬೆಳಕು, ಸುಗಂಧ, ಆನಂದಬಾಷ್ಪ ಅಂತ ಬರೆಯುವವರು ಬರೆಯಲಿ. ನಮ್ಮ ಮನೆಗೆ ದೇವರ ಕರುಣೆ ಬಂದದ್ದು ಕೊಳೆತ ಮಾಂಸದ ನಾತದ ಜೊತೆಗೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ನಾನು ಎಸ್ತೇರ್. ತವರು ಗದಗ. ಮದುವೆಯಾಗಿ ಪುಣೆಯ ಖಡಕಿಗೆ ಬಂದವಳು ಇಲ್ಲಿಯೇ ಮುದುಕಿಯಾಗಿದ್ದೇನೆ. ನಮ್ಮ ಯಜಮಾನರು ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೋದ ವರ್ಷ ಜನವರಿಯಲ್ಲಿ, ಕ್ರಿಸ್‌ಮಸ್ಸಿನ ಕರ್ಚಿಕಾಯಿ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ಯಜಮಾನರ ಅಕ್ಕ ಸುಗುಣಕ್ಕ ದೌಂಡಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದಳು. ಅವಳ ಗಂಡ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯಲ್ಲಿದ್ದವನು, ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ಎದುರಿಗೆ ನಾನು ಅವಳಿಗೆ ಬಹುವಚನ ಕೊಡುತ್ತೇನೆ, ಮನಸ್ಸಿನಲ್ಲಿ ಯಾವತ್ತೂ ಕೊಟ್ಟಿಲ್ಲ. ಇಲ್ಲಿ ಮನಸ್ಸಿನದ್ದನ್ನೇ ಬರೆಯುತ್ತೇನೆ.

ಬಾಗಿಲಲ್ಲಿ ನಿಂತಾಗ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಸೆರಗು ತೆಗೆದಳು ನೋಡಿ, ದೇವರೇ! ಎಡಗೆನ್ನೆಯಲ್ಲಿ ತೂತು. ಹೆಬ್ಬೆರಳು ತೂರುವಷ್ಟು. ಒಳಗೆ ಹಲ್ಲು ಕಾಣುತ್ತಿತ್ತು. ಅಂಚಿನಲ್ಲಿ ಹಳದಿ ಕೀವು, ಅದರ ಜೊತೆ ಎಳೆ ಎಳೆಯಾಗಿ ಜೊಲ್ಲು. ಹುಡುಗಿಯಾಗಿದ್ದಾಗಿನಿಂದ ಮಿಶ್ರಿ ತಿಕ್ಕುವ ಚಟ ಅವಳಿಗೆ. ಸುಟ್ಟ ತಂಬಾಕಿನ ಪುಡಿ ಅದು, ಈ ಕಡೆಯ ಹೆಂಗಸರು ಹಲ್ಲಿಗೆಂದು ಹಚ್ಚಲು ಶುರುಮಾಡಿ ಬಿಡಲಾರದೆ ಹಗಲೆಲ್ಲ ಹಚ್ಚುತ್ತಾರೆ. ನಾನು ಹಿಂದಕ್ಕೆ ಸರಿದೆ. ಯಜಮಾನರು ಅಕ್ಕನನ್ನು ಅಪ್ಪಿಕೊಂಡು ಅತ್ತರು. ನಾನು ಅಡುಗೆಮನೆಗೆ ಹೋಗಿ ಕಿಟಕಿ ತೆರೆದೆ.

ಮರುದಿನ ಸಿಟಿ ಬಸ್ಸಿನಲ್ಲಿ ದೊಡ್ಡ ದವಾಖಾನೆಗೆ ಹೊರಟೆವು. ಬಸ್ಸು ತುಂಬಿ ತುಳುಕುತ್ತಿತ್ತು. ನಾಲ್ಕು ಸ್ಟಾಪ್ ಹೋಗುವಷ್ಟರಲ್ಲಿ ನಮ್ಮ ಸುತ್ತ ಸೀಟೆಲ್ಲ ಖಾಲಿ. "ಕಾಯ್ ವಾಸ್ ಯೇತೋಯ್!" ಏನು ನಾತ ಬರುತ್ತಿದೆ ಎಂದು ಒಬ್ಬಳು ಮರಾಠಿಯಲ್ಲಿ ಅಂದು, ಮೂಗು ಮುಚ್ಚಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು, ನಾತ ನನ್ನದೇ ಎಂಬ ಹಾಗೆ. ನನಗೆ ಅವಳ ಮೇಲೆ ಹೇಸಿಗೆ, ಸುಗುಣಕ್ಕನ ಮೇಲೆ ಹೇಸಿಗೆ, ಅವಳ ಪಕ್ಕ ಕೂತ ನನ್ನ ಮೇಲೂ ಹೇಸಿಗೆ.

ತಪಾಸಣೆಯೆಲ್ಲ ಮುಗಿದ ಮೇಲೆ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಕ್ಯಾನ್ಸರ್ ಇನ್ನೂ ಬಾಯಿಯಲ್ಲೇ ಇದೆ, ಪುಪ್ಪುಸಕ್ಕೆ ಹೋಗಿಲ್ಲ. ದವಡೆ ಮತ್ತು ಕೆನ್ನೆ ಕತ್ತರಿಸಿ ತೆಗೆದು ಎದೆಯ ಚರ್ಮ ತಂದು ಹೊಲಿಯುತ್ತೇವೆ, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡುತ್ತೇವೆ, ಬದುಕಬಹುದು. ಆದರೆ ಇದೇ ತಿಂಗಳು ಒಪ್ಪಬೇಕು, ತಡವಾದರೆ ನಮ್ಮ ಕೈಯಲ್ಲಿ ಇರುವುದಿಲ್ಲ.

ಸುಗುಣಕ್ಕ ತಲೆ ಅಲ್ಲಾಡಿಸಿದಳು. "ನಂಗ ಆಪರೇಶನ್ ಬ್ಯಾಡ. ಈ ಬಾಯಿ ಕೊಳಿಬೇಕಾದ್ದ ಅದ. ಈ ಬಾಯಿಲೇ ನಾ ಏನ್ ಅಂದೀನಿ ಎಸ್ತೇರಿಗೆ ಗೊತ್ತದ. ದೇವ್ರಿಗೂ ಗೊತ್ತದ."

ಗೊತ್ತಿಲ್ಲದೆ ಏನು! ನಮಗೊಂದು ಹೆಣ್ಣು ಕೂಸಿತ್ತು, ರೂತ್. ಮೂರು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಹೋಯಿತು. ಖಡಕಿಯ ಸ್ಮಶಾನದಲ್ಲಿ ಪುಟ್ಟ ಪೆಟ್ಟಿಗೆ ಇಳಿಸಿ ಎಲ್ಲರೂ ಹಿಡಿ ಮಣ್ಣು ಹಾಕುವಾಗ ಸುಗುಣಕ್ಕ ಇಡೀ ಸಭೆಗೆ ಕೇಳುವ ಹಾಗೆ ಅಂದಳು, "ತಾಯಿ ಪಾಪಾ ಕೂಸಿನ ಕೊರಳಿಗೆ ಬಂತು ನೋಡ್ರಿ." ಯಾವ ಪಾಪ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಆ ಮಾತು ನನ್ನ ಜೊತೆಯೇ ಉಂಡು, ನನ್ನ ಜೊತೆಯೇ ಮಲಗಿ ಇಷ್ಟು ವರ್ಷ ಬದುಕಿದೆ.

ಹಾಗಾಗಿ ಅವಳು ಬೇಡ ಎಂದಾಗ ನಾನು ಬಾಯಿ ಬಿಡಲಿಲ್ಲ. ಯಜಮಾನರು "ನೀ ಹೇಳ ಎಸ್ತೇರ, ನೀ ಹೇಳಿದ್ರ ಕೇಳ್ತಾಳ" ಎಂದು ಗೋಗರೆದರು. ಏನು ಹೇಳಲಿ? ಆ ಬಾಯಿ ಕೊಳೆಯಬೇಕಾದ್ದೇ ಎಂಬ ವಿಷಯದಲ್ಲಿ ಅವಳಿಗೂ ನನಗೂ ಒಮ್ಮತವಿತ್ತು. ಜೀವಮಾನದಲ್ಲಿ ನಾವಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಗಾಯ ತೊಳೆಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಯಜಮಾನರ ಕೈ ನಡುಗುತ್ತದೆ. ಉಪ್ಪುನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಾತ ತಗ್ಗಲೆಂದು ಡಾಕ್ಟರು ಕೊಟ್ಟ ಗುಳಿಗೆಯನ್ನು ಪುಡಿ ಮಾಡಿ ಉದುರಿಸಬೇಕು. ಅದು ತಗ್ಗಿದರೂ ತಗ್ಗಿದ ಹಾಗೆ ಅನ್ನಿಸುತ್ತಿರಲಿಲ್ಲ. ಅನ್ನದಲ್ಲಿ ಅದೇ, ಹಾಸಿಗೆಯಲ್ಲಿ ಅದೇ, ತಲೆಗೂದಲಲ್ಲೂ ಅದೇ. ನಾನು ಮಾಡುತ್ತಿದ್ದ ಪ್ರಾರ್ಥನೆ ಒಂದೇ ಸಾಲಿನದು. "ಕರ್ತನೇ, ಈ ನಾತ ನನ್ನ ಮನಿಯಿಂದ ತೆಗಿ." ಹೇಗೆ ತೆಗೆಯಬೇಕು ಎಂದು ನಾನು ಹೇಳಲಿಲ್ಲ. ಅವನು ಹೇಗೆ ತೆಗೆದರೂ ನನಗೆ ಒಪ್ಪಿಗೆ ಇತ್ತು. ಇದರ ಅರ್ಥ ನಿಮಗೆ ಆಗಿದೆ ಅಂದುಕೊಳ್ಳುತ್ತೇನೆ.

ಬುಧವಾರ ನಮ್ಮ ಮನೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟವಾಯಿತು. ಕೂಟದ ಮುಖ್ಯಸ್ಥೆ ಕಮಲಕ್ಕ ವಿಕ್ಸ್ ಹಚ್ಚಿದ ಕರವಸ್ತ್ರ ತಂದಿದ್ದಳು. ಸ್ಟೂಲನ್ನು ಮೆಲ್ಲಗೆ ಬಾಗಿಲ ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ, "ಕರುಣಾಸಾಗರನಾದ ತಂದೆಯೇ, ನಿನ್ನ ದಾಸಿಯನ್ನು ನಿನ್ನ ಅಂಗೈಯಲ್ಲಿ ಎತ್ತಿಕೋ" ಎಂದು ಅರ್ಧ ಗಂಟೆ ಪ್ರಾರ್ಥಿಸಿದಳು. ಆ ದಾಸಿಯ ಕೈ ಮುಟ್ಟಿದವರು ಒಬ್ಬರೂ ಇಲ್ಲ. ಮಾಡಿಟ್ಟ ಉಪ್ಪಿಟ್ಟನ್ನು ಹೊರಗೆ ಕಟ್ಟೆಯ ಮೇಲೆ ಕೂತು ತಿಂದರು. ಕರುಣೆ, ಕರುಣೆ! ಆ ಶಬ್ದ ಕೇಳಿದರೇ ನನಗೆ ಆ ಹೊತ್ತು ವಾಕರಿಕೆ ಬಂತು. ಗೋಡೆಗೆ ಮುಖ ಮಾಡಿ ಮಲಗಿದ್ದ ಸುಗುಣಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳ ಕೆನ್ನೆ ತೂತಾಗಿತ್ತೇ ಹೊರತು ಕಿವಿಯಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ಯಜಮಾನರು ಕೊನೆಯ ಪ್ರಯತ್ನವೆಂದು ಪಾಸ್ಟರರನ್ನು ಕರ್ತನ ಭೋಜನ ಕೊಡಲು ಮನೆಗೆ ಕರೆದರು. ಅಕ್ಕ ಅದನ್ನಾದರೂ ತೆಗೆದುಕೊಂಡರೆ ಮನಸ್ಸು ಬದಲಿಸಬಹುದು ಎಂಬ ಆಸೆ ಅವರಿಗೆ. ಭಾನುವಾರ ಮಧ್ಯಾಹ್ನ ಪಾಸ್ಟರರು ಬಂದರು. ಜೊತೆಗೆ ಸಭೆಯ ಹಿರಿಯರಾದ ಸಾಲೋಮನ್ ಅಣ್ಣಾರು, ಕಮಲಕ್ಕ, ಇನ್ನಿಬ್ಬರು ಹೆಂಗಸರು.

ಇಲ್ಲಿ ನಮ್ಮ ಸಭೆಯ ಒಂದು ರೂಢಿ ಹೇಳಬೇಕು. ಕೊರೊನಾ ಆದ ಮೇಲೆ ಚರ್ಚಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ ಬಂದಿದೆ. ಆದರೆ ರೋಗಿಗಳ ಮನೆಗೆ ಈಗಲೂ ಹಳೆಯ ಬೆಳ್ಳಿಯ ಪಾತ್ರೆಯೇ ಹೋಗುತ್ತದೆ. ಒಂದೇ ಪಾತ್ರೆ, ಬಂದವರೆಲ್ಲ ಅದರಿಂದಲೇ ಕುಡಿಯಬೇಕು. ಆಶೀರ್ವದಿಸಿದ ದ್ರಾಕ್ಷಾರಸವನ್ನು ಚೆಲ್ಲುವ ಹಾಗಿಲ್ಲ, ಕೊನೆಯವರು ಮುಗಿಸಬೇಕು. ಮತ್ತೆ ಆ ಕೊನೆಯವರು ಯಾವಾಗಲೂ ರೋಗಿಯೇ. ಯಾಕೆ ಎಂದು ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ, ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದವರು ನಮ್ಮ ಪಾಸ್ಟರರು ಒಬ್ಬರೇ. ಮಂಗಳೂರು ಕಡೆಯ ಚಿಕ್ಕ ವಯಸ್ಸಿನವರು, ಸಭೆಗೆ ಹೊಸಬರು.

ಅವರು ಕುಷ್ಠರೋಗಿಯ ಭಾಗ ಓದಿದರು. ಯಾರೂ ಹತ್ತಿರ ಸೇರಿಸದ ಆ ಮನುಷ್ಯನನ್ನು ಕರ್ತನು ಕೈಚಾಚಿ ಮುಟ್ಟಿದ ಕಥೆ. ಪ್ರಾರ್ಥನೆ ಮಾಡಿ, ರೊಟ್ಟಿ ಮುರಿದು ಕೊಟ್ಟರು. ಪಾತ್ರೆ ಎತ್ತಿಕೊಂಡು ನೇರವಾಗಿ ಮಂಚದ ಹತ್ತಿರ ಹೋದರು.

"ಪಾಸ್ಟರ್..." ಎಂದು ಸಾಲೋಮನ್ ಅಣ್ಣಾರು ಅರ್ಧ ಎದ್ದರು. ಅಷ್ಟರಲ್ಲಿ ಪಾಸ್ಟರರು ಹೇಳಿಯಾಗಿತ್ತು, "ಅಮ್ಮಾ, ಮೊದಲು ನೀವು ತಗೊಳ್ಳಿ. ನಿಮಗೋಸ್ಕರವೇ ಅಲ್ವಾ ನಾವು ಬಂದದ್ದು?"

ಸುಗುಣಕ್ಕನ ದವಡೆ ಒಂದು ಬೆರಳಷ್ಟೇ ತೆರೆಯುತ್ತಿತ್ತು. ತುಟಿಗೆ ಪಾತ್ರೆ ತಾಗಿಸಿ ಹೀರಿದಳು. ಒಳಗೆ ಹೋದದ್ದರಲ್ಲಿ ಅರ್ಧ ಕೆನ್ನೆಯ ತೂತಿನಿಂದ ಹೊರಬಂದು ಮತ್ತೆ ಪಾತ್ರೆಗೇ ಇಳಿಯಿತು. ಜೊತೆಗೆ ಒಂದು ಬಿಳಿ ಎಳೆ. ಎಲ್ಲರೂ ನೋಡಿದೆವು.

ಪಾಸ್ಟರರು ಪಾತ್ರೆ ಹಿಡಿದು ತಿರುಗಿದರು. ಅವರಿಗೂ ಈಗ ಅರ್ಥವಾಯಿತು, ಮುಖ ಬಿಳುಪಾಯಿತು.

"ನಾವು ಮುಂಜಾನಿ ಚರ್ಚಿನಾಗ ತೊಗೊಂಡೇವ್ರಿ ಪಾಸ್ಟರ್" ಎಂದರು ಸಾಲೋಮನ್ ಅಣ್ಣಾರು. "ಒಂದ ದಿನಕ್ಕ ಎರಡು ಸಲ ಯಾಕ?"

ಕಮಲಕ್ಕ ಕರವಸ್ತ್ರದ ಹಿಂದಿನಿಂದ, "ನಂಗ ಗಂಟಲ ನೋವದ ರೀ. ನನ್ನಿಂದ ಬ್ಯಾರೇದವ್ರಿಗೆ ಹತ್ತೂದು ಬ್ಯಾಡ" ಎಂದಳು. ಎಂಥ ಉದಾರಿ! ಉಳಿದಿಬ್ಬರು ನೆಲ ನೋಡಿದರು. ನಮ್ಮ ಯಜಮಾನರು ಕೈ ಚಾಚಿದರು, ಹಿಂದಕ್ಕೆ ತೆಗೆದುಕೊಂಡು ಅಳುತ್ತ ಕೂತರು. ಸ್ವಂತ ತಮ್ಮ!

ಸುಗುಣಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ತಿರುಗಿದಳು. "ಚೆಲ್ರಿ ಅದನ್ನ" ಎಂದಳು. "ಮೋರಿಗೆ ಚೆಲ್ರಿ."

ಮೋರಿಗೆ! ನಮಗೋಸ್ಕರ ಸುರಿದ ರಕ್ತ ಎಂದು ಈಗತಾನೆ ಹೇಳಿ ಕೈಮುಗಿದದ್ದನ್ನು ಮುಸುರೆ ಚೆಲ್ಲುವ ಮೋರಿಗೆ! ನನ್ನ ಮೈ ಉರಿದು ಹೋಯಿತು. ಆಗ ನನಗೆ ಪ್ರೀತಿ ಉಕ್ಕಿತು, ಕಣ್ಣು ತುಂಬಿ ಬಂತು ಎಂದೆಲ್ಲ ಬರೆಯುವುದಿಲ್ಲ, ಹಾಗೇನೂ ಆಗಲಿಲ್ಲ. ಬಂದದ್ದು ಸಿಟ್ಟು. ಆ ಮುಖಗಳನ್ನು ನೋಡಿ ಬಂದ ಅಸಹ್ಯ ಪಾತ್ರೆಯೊಳಗಿನ ಅಸಹ್ಯಕ್ಕಿಂತ ದೊಡ್ಡದಾಗಿತ್ತು. ಥೂ ನಿಮ್ಮ ಎಂದುಕೊಂಡು ಎದ್ದೆ, ಪಾಸ್ಟರರ ಕೈಯಿಂದ ಪಾತ್ರೆ ಕಿತ್ತುಕೊಂಡೆ, ಗಟಗಟನೆ ತಳ ಕಾಣುವವರೆಗೆ ಕುಡಿದೆ.

ಅದು ಗಂಟಲಲ್ಲಿ ಇಳಿದದ್ದು ನನಗೆ ಇವತ್ತಿಗೂ ನೆನಪಿದೆ. ಹಲ್ಲು ಕಚ್ಚಿ, ಮಂಚದ ಕಾಲು ಹಿಡಿದುಕೊಂಡು ಕೂತೆ. ಪಾಸ್ಟರರು ಆಶೀರ್ವಚನ ಹೇಳಿದ್ದು ಗೊತ್ತಾಗಲಿಲ್ಲ, ಬಂದವರು ಚಪ್ಪಲಿ ಹಾಕಿಕೊಂಡು ಹೋದದ್ದೂ ಗೊತ್ತಾಗಲಿಲ್ಲ.

"ಯಾಕ ಕುಡದಿ ಎಸ್ತೇರಿ?" ಸುಗುಣಕ್ಕ ಈ ಕಡೆ ತಿರುಗಿದ್ದಳು. "ನಿನಗ ಹೇಸಿಗಿ ಬರ್ಲಿಲ್ಲೇನು?"

"ಬಂತ್ರಿ. ಈಗೂ ಬರಾಕತ್ತದ. ಭಾಳ ಮಾತಾಡಸಬ್ಯಾಡ್ರಿ, ವಾಂತಿ ಆಗ್ತದ."

ಅವಳು ನಕ್ಕಳೋ ಅತ್ತಳೋ, ಕೆನ್ನೆಯ ತೂತಿನಿಂದ ಸುಯ್ ಎಂದು ಗಾಳಿ ಬಂತು. ಆಮೇಲೆ ಕೇಳಿದಳು. "ಹಂಗಾರ ದೇವ್ರಿಗೂ ನನ್ನ ಕಂಡ್ರ ಹೇಸಿಗಿ ಬಂದಿರಬೇಕಲ್ಲ?"

ನಾನು ಸತ್ಯವೇದ ಕಲಿತವಳಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಬಂದ ಬಂದಿರ್ತದ. ನಿಮ್ಮನ್ನ ಕಂಡ್ರೂ ಬಂದಿರ್ತದ, ನನ್ನ ಕಂಡ್ರೂ ಬಂದಿರ್ತದ. ಆದ್ರೂ ಬಿಟ್ಟ ಹೋಗ್ಯಾನೇನು?"

ಸುಗುಣಕ್ಕ ಕಣ್ಣು ಮುಚ್ಚಿಕೊಂಡಳು. ನಿದ್ದೆ ಹೋದಳು ಅಂದುಕೊಂಡು ನಾನು ಏಳುತ್ತಿದ್ದೆ, ಅವಳು ನನ್ನ ಸೀರೆ ಹಿಡಿದು ಎಳೆದಳು. "ನಾಳೆ ಡಾಕ್ಟರ ಕಡೆ ಹೋಗೂಣು."

ಅದೇ ವಾರ ಆಪರೇಶನ್ ಆಯಿತು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಸಂಜೆ ಹೊರಗೆ ತಂದರು. ಮುಖ ಊದಿ ಕುಂಬಳಕಾಯಿಯಾಗಿತ್ತು, ಮೂಗಿನಲ್ಲಿ ನಳಿಗೆ, ಕತ್ತಿನಲ್ಲಿ ನಳಿಗೆ. ಕ್ಯಾನ್ಸರ್ ಪೂರ್ತಿ ತೆಗೆದಿದ್ದೇವೆ ಎಂದರು ಡಾಕ್ಟರು. ಆಮೇಲೆ ಕರೆಂಟಿಗೆ ದಿನಾ ಓಡಾಟ. ಆ ಬಸ್ಸುಗಳು, ಆ ಸಾಲುಗಳು, ಆ ವಾರ್ಡಿನ ಪಾಯಖಾನೆ! ನರಕ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಆ ಪಾಯಖಾನೆ ತೋರಿಸುತ್ತೇನೆ. ಆದರೆ ಒಂದು ದಿನ ಬಸ್ಸಿನಲ್ಲಿ ನಮ್ಮ ಪಕ್ಕ ಒಬ್ಬಳು ಕೂತಳು. ಕೂತವಳು ಏಳಲೇ ಇಲ್ಲ. ಸುಗುಣಕ್ಕನ ಹೆಗಲ ಮೇಲೆ ತಲೆ ಹಾಕಿ ನಿದ್ದೆ ಹೊಡೆದಳು. ಆಗ ನನಗೆ ಹೊಳೆಯಿತು, ನಾತ ಹೋಗಿದೆ.

ನಾನು ಬೇಡಿದ್ದನ್ನು ಕರ್ತನು ಮಾತಿಗೆ ಮಾತು ಸರಿಯಾಗಿ ಕೊಟ್ಟಿದ್ದ. ನಾತ ತೆಗಿ ಎಂದಿದ್ದೆ, ತೆಗೆದ. ಅವಳನ್ನು ಮಾತ್ರ ನನ್ನ ಮನೆಯಲ್ಲೇ ಇಟ್ಟ. ಈಗಲೂ ಇದ್ದಾಳೆ. ಎಲ್ಲವನ್ನೂ ನುಣ್ಣಗೆ ಅರೆದು ಕೊಡಬೇಕು, ಕೊಟ್ಟರೆ ಸಾರಿಗೆ ಉಪ್ಪಿಲ್ಲ ಎಂದು ಮುಖ ತಿರುಗಿಸುತ್ತಾಳೆ.

ದೇವರ ಕರುಣೆಯೆಂದರೆ ನನಗೆ ಮೊದಲು ಒಂದು ಮೆತ್ತನೆಯ ಶಬ್ದವಾಗಿತ್ತು, ಕಮಲಕ್ಕನ ಪ್ರಾರ್ಥನೆಯಲ್ಲಿ ಬರುವಂಥದು. ಈಗ ವೇದ ತೆರೆದರೆ ಬೇರೆಯೇ ಕಾಣುತ್ತದೆ. ಆ ಕುಷ್ಠರೋಗಿಗೆ ಕರ್ತನು ಮೈ ತೊಳೆದುಕೊಂಡು ಬಾ ಎನ್ನಲಿಲ್ಲ. ಮೊದಲು ಮುಟ್ಟಿದ, ವಾಸಿಯಾದದ್ದು ಆಮೇಲೆ. ಸತ್ತು ನಾಲ್ಕು ದಿನವಾಗಿದ್ದ ಲಾಜರನ ಸಮಾಧಿಯ ಮುಂದೆ ಅವನ ಅಕ್ಕ, ನಾತ ಬಂದಿರುತ್ತದೆ ಸ್ವಾಮಿ ಎಂದು ಎಚ್ಚರಿಸಿದಳು. ನಾತವಿಲ್ಲ ಎಂದು ಕರ್ತನೇನೂ ವಾದಿಸಲಿಲ್ಲ, ಕಲ್ಲು ತೆಗೆಯಿರಿ ಎಂದ. ಅವನಿಗೆ ಮೂಗಿರಲಿಲ್ಲ ಎಂದು ನಾನು ನಂಬುವುದಿಲ್ಲ. ಮೂಗಿತ್ತು, ಆದರೂ ಬಂದ. ನನ್ನ ನಂಬಿಕೆ ಈಗ ಅಷ್ಟರ ಮೇಲೆ ನಿಂತಿದೆ, ಅಲ್ಲಾಡುವುದಿಲ್ಲ.

ಈ ವರ್ಷ ಈಸ್ಟರ್ ಬೆಳಿಗ್ಗೆ ನಾವು ಸಭೆಯವರು ಪ್ರತಿವರ್ಷದಂತೆ ಸ್ಮಶಾನಕ್ಕೆ ಹೋಗಿ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿದೆವು. ಸುಗುಣಕ್ಕ ಬರುತ್ತೇನೆಂದು ಹಟ ಹಿಡಿದಳು. ರೂತಳ ಸಮಾಧಿಯ ಮುಂದೆ ಮೊಣಕಾಲೂರಿದಳು. ಹೊಲಿದ ಬಾಯಿಯಿಂದ ಅವಳ ಮಾತು ಯಾರಿಗೂ ತಿಳಿಯುವುದಿಲ್ಲ, ದಿನಾ ಕೇಳುವ ನನಗೆ ತಿಳಿಯುತ್ತದೆ. "ಕೂಸ," ಎಂದಳು, "ನಿಮ್ಮವ್ವಂದು ಏನೂ ತಪ್ಪಿರಲಿಲ್ಲ. ನಾ ಸುಳ್ಳು ಹೇಳಿದ್ದೆ."

ಸುತ್ತಲೂ ನಿಂತ ಸಭೆಯವರಿಗೆ ಅದು ಬರೀ ಗೊಣಗಾಟ. ಅವಳು ಅಂದ ಮೊದಲನೆಯ ಮಾತು ಎಲ್ಲರಿಗೂ ಕೇಳಿತ್ತು, ಇದು ಕೇಳಿದ್ದು ನನಗೊಬ್ಬಳಿಗೆ. ಸಾಕು, ನನಗೆ ಸಾಕು. ನಾನು ಅಲ್ಲೇ ಗೋಳೋ ಎಂದು ಅತ್ತೆ.

ಮಾತಾಡುವಾಗ ಅವಳ ತುಟಿ ಕೂಡುವುದಿಲ್ಲ, ಜೊಲ್ಲು ಇಳಿಯುತ್ತದೆ. ಸಮಾಧಿಯ ಕಲ್ಲಿನ ಮೇಲೂ ಇಳಿಯಿತು. ನನಗೆ ಇವತ್ತಿಗೂ ಅಸಹ್ಯವಾಗುತ್ತದೆ, ಅವತ್ತೂ ಆಯಿತು. ಸೆರಗಿನಿಂದ ಮೊದಲು ಅವಳ ಬಾಯಿ ಒರೆಸಿದೆ, ಆಮೇಲೆ ನನ್ನ ಮಗಳ ಕಲ್ಲು ಒರೆಸಿದೆ. ಮನೆಗೆ ಬಂದು ಆ ಸೀರೆಯನ್ನು ಎರಡು ಸಲ ಸೋಪು ಹಚ್ಚಿ ಒಗೆದೆ, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಮೂಗಿದ್ದೂ ನಮ್ಮ ಹತ್ತಿರ ಬಂದ ದೇವರಿಗೆ ಸ್ತೋತ್ರ.