ಕರೆಂಟ್ ಡಾಕ್ಟ್ರು

ಬಾಪೂಜಿ ನಗರದಲ್ಲಿ ನಾಗೇಂದ್ರಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಕರೆಂಟ್ ಡಾಕ್ಟ್ರು’ ಎಂದರೆ ಗೇಟಿನ ತನಕ ಬಿಟ್ಟು ಹೋಗುತ್ತಿದ್ದರು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಎಲ್ಲಿ, ಎಷ್ಟು ಬೀಳಬೇಕೆಂದು ಲೆಕ್ಕ ಹಾಕುವುದು ಅವರ ಕೆಲಸ. ಜನ ಅದನ್ನು ‘ಕರೆಂಟ್ ಕೊಡೋದು’ ಅನ್ನುತ್ತಾರೆ. “ನಾನು ಡಾಕ್ಟ್ರಲ್ಲ ಕಣ್ರೀ, ಫಿಸಿಸಿಸ್ಟು” ಎಂದು ಹೇಳಿ ಹೇಳಿ ಸೋತಿದ್ದರು. ಬೀದಿಯಲ್ಲಿ ಕರೆಂಟು ಹೋದರೂ ಜನ ಅವರ ಬಾಗಿಲನ್ನೇ ತಟ್ಟುತ್ತಿದ್ದರು. ಅವರೂ ಪಂಚೆ ಎತ್ತಿ ಕಟ್ಟಿ ಫ್ಯೂಸು ಹಾಕಿಕೊಡಲು ಹೊರಟುಬಿಡುತ್ತಿದ್ದರು. ಮನೆಯಲ್ಲೂ ಅದೇ ಆಸ್ಪತ್ರೆ ಬುದ್ಧಿ. ಮಗಳಿಗೆ ಬೈತಲೆ ತೆಗೆಯುವಾಗ “ಅಲ್ಲಾಡ್ಬೇಡ ಕಣೇ, ಗುರಿ ತಪ್ಪುತ್ತೆ!” ಸಾರಿಗೆ ಉಪ್ಪು ಹಾಕುವ ಹೆಂಡತಿಯ ಕೈ ಹಿಡಿದು “ಡೋಸ್ ಜಾಸ್ತಿ ಆಯ್ತು ಕಲಾ!” ಕಲಾ ರೇಗುತ್ತಿದ್ದಳು, ಆದರೆ ಕೈ ಬಿಡಿಸಿಕೊಳ್ಳುತ್ತಿರಲಿಲ್ಲ. ಅವರ ತಿಥಿಯ ದಿನ, ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಫ್ಯಾನು ನಿಂತಿತು. “ಡಾಕ್ಟ್ರನ್ನ ಕರೀರಿ” ಎಂದ ಪಕ್ಕದ ಮನೆಯವರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಕಲಾ ತಲೆ ತಗ್ಗಿಸಿದಳು. ಆಗ ನಾಯಂಡಹಳ್ಳಿಯಿಂದ ಬಂದಿದ್ದ, ಎಷ್ಟೋ ವರ್ಷದ ಹಿಂದೆ ಅವರ ಆಸ್ಪತ್ರೆಯಲ್ಲಿ ಕರೆಂಟ್ ಕೊಡಿಸಿಕೊಂಡಿದ್ದ ಮುದುಕಿ ಪಾಪಮ್ಮ, ಅವಳ ಕೈಯನ್ನು ತನ್ನ ಎದೆಗೆ ಒತ್ತಿಕೊಂಡು ಹೇಳಿದಳು: “ನೋಡವ್ವ, ಅವ್ರು ಕೊಟ್ಟ ಕರೆಂಟು ಇಲ್ಲಿ ಇನ್ನೂ ಹೋಗಿಲ್ಲ.”