ಹೆದರಿ ಎಳೆದ ಹಗ್ಗ

ನನಗೆ ಡ್ರೈವಿಂಗ್ ಕಲಿಸಿದವರ ಎಡ ಅಂಗೈಯಲ್ಲಿ ಅಡ್ಡಕ್ಕೊಂದು ನುಣ್ಣನೆಯ ಕಲೆ. ಕೈರೇಖೆಗಳೆಲ್ಲ ಅಲ್ಲಿ ಅಳಿಸಿಹೋಗಿದ್ದವು. "ಜ್ಯೋತಿಷಿಗಳಿಗೆ ನನ್ನ ಕೈಯಲ್ಲಿ ಕೆಲಸ ಇಲ್ಲ ಮಾರಾಯ್ರೆ" ಎಂದು ನಗುತ್ತಿದ್ದರು.

ಊರಿನಲ್ಲಿ ಅವರು ಕಂಬಳದ ಓಟಗಾರ. ಮೀಸೆ ಮೂಡುವ ಮೊದಲೇ ಕೋಣಗಳ ಹಗ್ಗ ಹಿಡಿದು ಕೆಸರಿಗೆ ಇಳಿದವರು. ಪದಕ ಗೆದ್ದರು, ಮೊಣಕಾಲು ಮುರಿದುಕೊಂಡರು. ಪದಕದಿಂದ ಅನ್ನ ಬೇಯುವುದಿಲ್ಲವೆಂದು ಬಹ್ರೈನಿಗೆ ಬಂದು ಡ್ರೈವಿಂಗ್ ಕಲಿಸತೊಡಗಿದರು. ಆದರೂ ವರ್ಷದ ರಜೆಯೆಲ್ಲ ಕಂಬಳಕ್ಕೇ. "ನಮ್ಮವರಿಗೆ ಮೊದಲು ಕೋಣ, ಮತ್ತೆ ನಾನು" ಎಂದು ಅವರ ಹೆಂಡತಿ ಎಲ್ಲರೆದುರೇ ಹೇಳುತ್ತಿದ್ದರು.

ನನಗೆ ಮುಹರ್ರಕ್‌ನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಗಿನ ಪಾಳಿ, ನಾನಿದ್ದ ಜಿಂಜ್‌ನಿಂದ ಕಾರಿಲ್ಲದೆ ಆಗದು. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೆ. ಇನ್ನೊಮ್ಮೆ ಆದರೆ ಕೆಲಸ ಬೇರೆಯವರ ಪಾಲು. ರೌಂಡಬೌಟ್ ಕಂಡರೆ ಸಾಕು, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಬಿಡುತ್ತಿದ್ದೆ. ಅವರ ಬಲಗಾಲು, ಕಲಿಸುವವರಿಗೆಂದು ತಮ್ಮ ಬದಿಗೂ ಇದ್ದ ಬ್ರೇಕ್ ಬಿಟ್ಟು ಕದಲುತ್ತಿರಲಿಲ್ಲ.

ಒಂದು ದಿನ ಅದ್ಲಿಯಾದ ಹತ್ತಿರ ರೌಂಡಬೌಟಿನ ನಡುವೆಯೇ ಕಾರು ನಿಲ್ಲಿಸಿ ಅತ್ತುಬಿಟ್ಟೆ. ಹಿಂದೆ ಹಾರ್ನುಗಳ ಸುರಿಮಳೆ. ಅವರು ಬೈಯಲಿಲ್ಲ. ಸಾವಕಾಶ ಅಂಗೈ ಚಾಚಿದರು.

"ನೋಡಿ ಅಕ್ಕ, ಇದು ನಾನು ಹೆದರಿ ಹಗ್ಗ ಎಳೆದ ದಿನದ್ದು. ಕೋಣವನ್ನು ಎಳೆದು ಗೆಲ್ಲಲಿಕ್ಕೆ ಆಗ್ತದಾ? ಹಗ್ಗ ಸುಮ್ಮನೆ ಹಿಡ್ಕೊಳ್ಬೇಕು, ಕಣ್ಣು ಗದ್ದೆಯ ಕೊನೆಯಲ್ಲಿ ಇರ್ಬೇಕು. ನಿಮ್ಮ ಸ್ಟೀರಿಂಗೂ ಅಷ್ಟೇ. ಕುತ್ತಿಗೆ ಹಿಚುಕಬೇಡಿ ಅದರದ್ದು."

"ಹಿಂದೆ ಎಲ್ಲ ಹಾರ್ನ್ ಹೊಡೀತಿದ್ದಾರಲ್ಲ ಅಣ್ಣ!"

"ಹೊಡೀಲಿ. ಕಂಬಳದಲ್ಲಿ ಇದಕ್ಕಿಂತ ಜಾಸ್ತಿ ಬೊಬ್ಬೆ ಉಂಟು."

ಅಳುತ್ತಿದ್ದವಳಿಗೆ ನಗು ಬಂತು. ಹಿಡಿತ ಸಡಿಲಿಸಿದೆ, ಹೊರಗೆ ಹೋಗುವ ದಾರಿಯನ್ನು ನೋಡಿದೆ. ಕಾರು ಹೋಯಿತು. ಮೂರನೆಯ ಟೆಸ್ಟಿನಲ್ಲಿ ಪಾಸಾದೆ.

ಮುಂದಿನ ಚಳಿಗಾಲ ಅವರು ಕೊನೆಯ ಓಟಕ್ಕೆಂದು ಊರಿಗೆ ಹೋದರು. ಮರಳಿದಾಗ ಏರ್‌ಪೋರ್ಟಿಗೆ ನಾನೇ ಕಾರು ತೆಗೆದುಕೊಂಡು ಹೋದೆ.

"ಓಟ ಎಂತ ಆಯ್ತು ಅಣ್ಣ?"

"ಎರಡನೇ ಬಹುಮಾನ. ಬೀಳದೆ ಮುಟ್ಟಿದೆ. ಇನ್ನು ಸಾಕು, ಮನೆಯವಳಿಗೂ ಹೇಳಿ ಆಯ್ತು."

ನನ್ನ ಕಾರಿನಲ್ಲಿ ಅವರ ಬದಿಗೆ ಬ್ರೇಕ್ ಇಲ್ಲ. ಆದರೂ ಮುಹರ್ರಕ್ ದಾಟಿಸುವ ಸೇತುವೆಯವರೆಗೆ ಅವರ ಬಲಗಾಲು ಮ್ಯಾಟನ್ನು ಒತ್ತುತ್ತಲೇ ಇತ್ತು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಕಾಲು ಆಚೆಗೆ ಚಾಚಿಕೊಂಡಿದೆ. ನಾನು ಕಾರಿನ ವೇಗ ಇಳಿಸಿದೆ. ಈ ಮನುಷ್ಯನ ಋಣ ತೀರಿಸಲಿಕ್ಕಾಗದು.

ಅವರ ಮನೆ ಬಂದೇಬಿಟ್ಟಿತು. ಎಬ್ಬಿಸಲು ಮನಸ್ಸಾಗದೆ ಮನೆಯ ಹತ್ತಿರದ ರೌಂಡಬೌಟಿಗೆ ಇನ್ನೊಂದು ಸುತ್ತು ಹಾಕಿದೆ.