ಅಮೋಘಸಿದ್ಧನ ಉಳ್ಳಾಗಡ್ಡಿ ಮತ್ತು ಕೆಂಪು ಬಸ್ಸು

ಮೋರಟಗಿಯ ಕುರಿಗಾರ ಅಮೋಘಸಿದ್ಧ ತೋಳಕ್ಕೆ ಅಂಜಿದವನಲ್ಲ. ಪ್ರಾಯದಲ್ಲಿದ್ದಾಗ ಹಿಂಡಿಗೆ ನುಗ್ಗಿದ ಒಂದು ತೋಳವನ್ನು ಬರೀ ಬಡಿಗೆ ಹಿಡಿದು ಎರಡು ಹೊಲ ದಾಟುವತನಕ ಅಟ್ಟಿಸಿಕೊಂಡು ಹೋಗಿದ್ದ. ಹೇಳುವವರ ಬಾಯಲ್ಲಿ ಆ ತೋಳ ವರ್ಷವರ್ಷ ಮರಿ ಹಾಕುತ್ತ ೧೯೭೮ರ ಹೊತ್ತಿಗೆ ಏಳಾಗಿತ್ತು. ಅವನೂ ಬೇಡ ಅಂದಿರಲಿಲ್ಲ. ಆರಡಿ ಆಳು, ಕುಡುಗೋಲಿನಂಥ ಮೀಸೆ, ಉಣ್ಣಲು ಕುಳಿತರೆ ಹತ್ತು ರೊಟ್ಟಿ ಮುಗಿಸದೆ ಏಳುವ ಗಂಡಸು. ಇಂಥ ವೀರಾಧಿವೀರನನ್ನು ಮಣ್ಣು ಮುಕ್ಕಿಸಿದ್ದು ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಕೆಂಪು ಬಸ್ಸು.

ಆ ಕಾಳಗ ನಡೆದು ಮೂರು ವರ್ಷವಾಗಿತ್ತು. ಮುದ್ದೇಬಿಹಾಳಕ್ಕೆ ಕೊಟ್ಟ ತಂಗಿ ರಾಮವ್ವನ ಹಿರಿಮಗಳ ಮದುವೆ. ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಂತರೇ ಅಕ್ಷತೆಗೆ ಕಳೆ. ಹೊಸ ರುಮಾಲು ಸುತ್ತಿ ಅಮೋಘಸಿದ್ಧ ಬಸ್ಸು ಹತ್ತಿದ. ಒಳಗೆ ಎಪ್ಪತ್ತು ಮಂದಿ, ಹೊರಗೆ ಬೆಂಕಿಯಂಥ ಬಿಸಿಲು. ಸಿಂದಗಿ ದಾಟುತ್ತಲೇ ಎದೆ ನಗಾರಿಯಾಯಿತು, ಕೈ ಜೋಮು ಹಿಡಿಯಿತು, ಉಸಿರು ಸಾಲದಾಯಿತು. ‘ಸತ್ತೆ’ ಎಂದು ಅವನು ಖಚಿತ ಮಾಡಿಕೊಂಡ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು. ಕಂಡಕ್ಟರ್ ಕಾಸಿಂಸಾಬ ಗಂಟೆ ಬಾರಿಸಿ, ತೋಳು ಹಿಡಿದು ರಸ್ತೆಯ ಬದಿಗೆ ಇಳಿಸಿದ. ಬಸ್ಸು ಕಣ್ಮರೆಯಾದದ್ದೇ ತಡ, ವೀರನಿಗೆ ಜೀವ ಮರಳಿತು. ಉಳಿಸಿದ್ದು ಉಳ್ಳಾಗಡ್ಡಿ ಎಂದು ಅವನು ಗಟ್ಟಿಯಾಗಿ ನಂಬಿದ.

ಉಳಿದ ದಾರಿಯನ್ನು ಹಗಲೂ ರಾತ್ರಿ ನಡೆದ. ಮುಟ್ಟುವಷ್ಟರಲ್ಲಿ ಹಂದರದಡಿ ಹಂಡೆ ತಿಕ್ಕುತ್ತಿದ್ದರು. ರಾಮವ್ವ ಬೈಯಲಿಲ್ಲ. “ಬಂದೆಲ್ಲ, ನೀರ ಕುಡಿ” ಅಂದಳು, ಅಷ್ಟೇ. ಆ ನೀರು ಇನ್ನೂ ಅವನ ಗಂಟಲು ಇಳಿದಿರಲಿಲ್ಲ.

ಅಂದಿನಿಂದ ಅವನ ಸಾಮ್ರಾಜ್ಯ ಕರಗುತ್ತ ಬಂತು. ಮೊದಲು ಬಸ್ಸು ಬಿಟ್ಟ. ಜನ ಕಿಕ್ಕಿರಿಯುತ್ತಾರೆಂದು ಸಿಂದಗಿಯ ಸಂತೆ ಬಿಟ್ಟ. ಮಂದಿಯ ಮದುವೆ ಬಿಟ್ಟ. ಒಬ್ಬನೇ ಬಿದ್ದು ಸತ್ತರೆ ನೋಡುವವರಾರೆಂದು ದೂರದ ಹುಲ್ಲುಗಾವಲೂ ಬಿಟ್ಟ. ಕೊನೆಗೆ ಉಳಿದದ್ದು ಮನೆಗೂ ಕುರಿದಡ್ಡಿಗೂ ನಡುವಿನ ನೂರು ಹೆಜ್ಜೆ ನೆಲ, ಜೊತೆಗೆ ರುಮಾಲಿನ ಮಡಿಕೆಯಲ್ಲಿ ಅಂಗರಕ್ಷಕನಾಗಿ ಒಂದು ಉಳ್ಳಾಗಡ್ಡಿ.

ಹೀಗಿರುವಾಗ ರಾಮವ್ವ ಹೇಳಿಕಳಿಸಿದಳು: ಕಿರಿಮಗಳು ಶೇವಂತೆವ್ವನ ಮದುವೆ ಮೂರು ತಿಂಗಳಿಗಿದೆ. “ಈ ಸಲನೂ ಅಣ್ಣ ಅಕ್ಷತಿಗೆ ಬರಲಿಲ್ಲಂದ್ರ, ನನಗ ಅಣ್ಣನ ಇಲ್ಲ ಅಂತ ತಿಳ್ಕೋತೇನಿ.”

ಹೆಂಡತಿ ಶಂಕ್ರೆವ್ವ ಮರುದಿನವೇ ಚಕ್ಕಡಿ ಹೂಡಿಸಿ, ಗಂಡನನ್ನು ಹೊಟ್ಟಿನ ಚೀಲದಂತೆ ಏರಿಸಿಕೊಂಡು ಸಿಂದಗಿಗೆ ಬಂದಳು. ಅಲ್ಲಿ ಬಟ್ಟೆಯಂಗಡಿಯ ಮಾಳಿಗೆಯ ಮೇಲೆ ಡಾಕ್ಟರ್ ಸಗೀರಾ ಹೊಸದಾಗಿ ದವಾಖಾನೆ ತೆರೆದಿದ್ದರು. ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಗಳ ವಿದ್ಯೆ ಕಲಿತು ಬಂದವರು. ಎದೆ, ನಾಡಿ ಎಲ್ಲ ಪರೀಕ್ಷಿಸಿ, “ಕಾಕಾ, ನಿಮ್ಮ ಎದಿ ಕಲ್ಲಿನಂಗ ಗಟ್ಟಿ ಐತ್ರಿ” ಅಂದರು.

“ಸೂಜಿ ಮಾಡಂಗಿಲ್ಲೇನ್ರಿ?” ಶಂಕ್ರೆವ್ವ ಕೇಳಿದಳು.

“ಇದಕ್ಕ ಬ್ಯಾಡ್ರಿ.”

“ಗುಳಿಗಿ?”

“ಅದೂ ಬ್ಯಾಡ್ರಿ.”

“ಮತ್ತ ನೀವು ಎಂಥಾ ಡಾಕ್ಟರ್ರಿ, ಯವ್ವಾ?”

ಸಗೀರಾ ನಕ್ಕು, ಅಮೋಘಸಿದ್ಧನಿಗೆ ಮಾಳಿಗೆಯ ಪಾವಟಿಗೆಗಳನ್ನು ಹತ್ತು ಸಲ ಓಡುತ್ತ ಹತ್ತಿಳಿಯಲು ಹೇಳಿದರು. ಬಟ್ಟೆಯಂಗಡಿಯ ಗಿರಾಕಿಗಳೆಲ್ಲ ಸೀರೆ ಬಿಟ್ಟು ಅವನನ್ನೇ ನೋಡಿದರು. ಹತ್ತನೇ ಸಲಕ್ಕೆ ಅವನು ತಿದಿಯಂತೆ ಏದುತ್ತ ನಿಂತ.

“ಎದಿ ಹೊಡ್ಕೋತೈತೇನ್ರಿ?”

“ಢಬಾಢಬಾ ಅಂತೈತ್ರಿ.”

“ಮತ್ತ ಸಾಯ್ತೀರೇನು?”

“ಯಾಕ ಸಾಯ್ಲಿ? ಪಾವಟಿಗಿ ಹತ್ತೀನಿ, ಅದಕ್ಕ ಹೊಡ್ಕೋತೈತಿ.”

“ಬಸ್ಸಿನಾಗ ಹೊಡ್ಕೊಂಡಿದ್ದೂ ಇದ ಎದಿನ, ಕಾಕಾ. ಅಲ್ಲಿ ಮಾತ್ರ ‘ಸತ್ತೆ’ ಅಂತ ಅರ್ಥ ಹಚ್ಚಿದ್ರಿ. ಆ ಅರ್ಥಕ್ಕ ಅಂಜಿ ಎದಿ ಮತ್ತಷ್ಟು ಓಡ್ತು.”

ಅಮೋಘಸಿದ್ಧ ಮೀಸೆ ತಿರುವಿದ, ಆದರೆ ಒಪ್ಪಲಿಲ್ಲ. ಆಗ ಡಾಕ್ಟರ್ ಅವನದೇ ಕಸುಬಿಗೆ ಇಳಿದರು. “ಎಳೇ ನಾಯಿ ಗಾಳಿಗೆ ಎಲಿ ಅಲ್ಲಾಡಿದ್ರೂ ಬೊಗಳ್ತೈತಿ. ಅದು ಬೊಗಳಿದಾಗೊಮ್ಮೆ ಹಿಂಡು ಎಬ್ಬಿಸ್ಕೊಂಡು ಓಡ್ತೀರೇನು?”

“ಛೇ! ಹಂಗ ಮಾಡಿದ್ರ ನಾಯಿ ತಾ ಬೊಗಳಿದ್ದ ಖರೆ ಅಂತ ತಿಳ್ಕೋತೈತಿ. ಕೆಟ್ಟ ಹೋಕ್ಕೈತಿ.”

“ನಿಮ್ಮ ಎದಿಯಾಗೂ ಅಂಥಾದ್ದೊಂದು ನಾಯಿ ಐತಿ. ಮೂರು ವರ್ಷದಿಂದ ಅದು ಬೊಗಳಿದಾಗೊಮ್ಮೆ ನೀವು ಓಡಾಕತ್ತೀರಿ.”

ಶಂಕ್ರೆವ್ವ ಮೊದಲ ಸಲ ಡಾಕ್ಟರರತ್ತ ಗೌರವದಿಂದ ನೋಡಿದಳು.

ಮನೆಯಲ್ಲಿ ಮಾಡಲು ಕೆಲಸವನ್ನೂ ಕೊಟ್ಟರು. ಅಂಜಿಕೆ ಬಂದಾಗಲೆಲ್ಲ ಬರೆದಿಡಬೇಕು, ಆದರೆ ಅಮೋಘಸಿದ್ಧನಿಗೆ ಅಕ್ಷರ ಬಾರದು. ಕುರಿಗಾರನ ಮನೆಯಲ್ಲಿ ಕರಿ, ಬಿಳಿ ಉಣ್ಣೆಯ ದಾರಕ್ಕೆ ಬರವಿರಲಿಲ್ಲ. “ಸಾಯ್ತೇನಿ ಅನ್ನಿಸಿದಾಗೊಮ್ಮೆ ಕರೀ ದಾರಕ್ಕ ಗಂಟು ಹಾಕ್ರಿ. ಖರೇನ ಸತ್ತಾಗೊಮ್ಮೆ ಬಿಳೀ ದಾರಕ್ಕ ಹಾಕ್ರಿ.” ಅಂಜಿಕೆ ಹತ್ತರಲ್ಲಿ ಎಷ್ಟಿತ್ತೆಂದೂ ನೆನಪಿಡಬೇಕು.

“ಹತ್ತು ಏನ್ರಿ?”

“ಏನರ ಇರ್ಲಿ.”

“ಹಂಗಾರ ರೊಟ್ಟಿ ಇರ್ಲಿ. ಹತ್ತು ರೊಟ್ಟಿ ಅಂದ್ರ ಹೊಟ್ಟಿ ತುಂಬ ಅಂಜಿಕಿ.”

ಎಂಟು ದಿನ ಬಿಟ್ಟು ಬಂದಾಗ ಕರೀ ದಾರಕ್ಕೆ ಮೂವತ್ತನಾಲ್ಕು ಗಂಟು. ಬಿಳೀ ದಾರ ನುಣ್ಣಗಿತ್ತು. ಅಮೋಘಸಿದ್ಧ ಅದನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದ, ಎಲ್ಲೋ ಒಂದು ಕಡೆ ಸತ್ತಿರಬಹುದೇ ಎಂಬಂತೆ.

“ಮೂವತ್ತನಾಲ್ಕು ಸಲ ಸುಳ್ಳ ಹೇಳಿದವರ ಮಾತು ನಂಬ್ತೀರೇನ್ರಿ?” ಡಾಕ್ಟರ್ ಕೇಳಿದರು.

“ಬಾಗಲಾ ಹಾಯಾಕೂ ಬಿಡಂಗಿಲ್ರಿ.”

ಅನಂತರ ಶುರುವಾಯಿತು ದಿಗ್ವಿಜಯ. ಅಂಜಿಕೆ ಒಮ್ಮೆಲೇ ಓಡುವುದಿಲ್ಲ, ಮೊದಲು ಏರಿಯೇ ಇಳಿಯುವುದು. ಇಳಿಯುವತನಕ ಕೂತಿರುವುದೇ ಮದ್ದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಮೊದಲ ವಾರ ಸಿಂದಗಿಯ ನಿಲ್ದಾಣದಲ್ಲಿ ನಿಂತ ಬಸ್ಸಿನೊಳಗೆ ಸುಮ್ಮನೆ ಕೂರಬೇಕು. ಅಮೋಘಸಿದ್ಧ ಕೂತ, ಒಂಬತ್ತು ರೊಟ್ಟಿ ಏರಿತು. ಡ್ರೈವರ್ ಚಹಾ ಕುಡಿದು ಬರುವಷ್ಟರಲ್ಲಿ ನಾಲ್ಕಕ್ಕಿಳಿಯಿತು. ಮುಂದಿನ ವಾರ ಒಂದು ಹಳ್ಳಿಯಷ್ಟು ದೂರ. ಆಮೇಲೆ ದೇವರಹಿಪ್ಪರಗಿಯತನಕ. ಎರಡು ರೊಟ್ಟಿ! ಅವನು ದವಾಖಾನೆಯ ಪಾವಟಿಗೆ ಏರಿ ಬಂದ ಠೀವಿ ನೋಡಬೇಕಿತ್ತು, ಆನೆಯಿಂದ ಇಳಿದವನಂತಿದ್ದ.

ಸಗೀರಾ ಮೂಗರಳಿಸಿದರು. “ಕಾಕಾ, ಏನೋ ವಾಸನಿ ಬರ್ತೈತಲ್ರಿ?”

ವಿಜಯಶಾಲಿ ಮೆಲ್ಲಗೆ ರುಮಾಲು ಬಿಚ್ಚಿದ. ಒಳಗಿನಿಂದ ಉಳ್ಳಾಗಡ್ಡಿ ಉರುಳಿ ಮೇಜಿನ ಮೇಲೆ ಬಿತ್ತು. ದಾರಿಯುದ್ದಕ್ಕೂ ಅದನ್ನು ಮೂಸುತ್ತಲೇ ಹೋಗಿಬಂದಿದ್ದ.

“ಹಂಗಾರ ಹಿಪ್ಪರಗಿ ಗೆದ್ದವರು ಯಾರ್ರಿ? ನೀವೋ, ಇದೋ?”

ಅಮೋಘಸಿದ್ಧ ಮೆಲ್ಲಗೆ ರುಮಾಲು ಸುತ್ತಿಕೊಂಡ. ಚಕ್ಕಡಿಯಲ್ಲಿ ಗಂಡಹೆಂಡತಿ ಮೋರಟಗಿಗೆ ಹೊರಟರು. ಊರ ಹತ್ತಿರ ಬಂದಾಗ, “ಏ ಶಂಕ್ರಿ, ಖರೇನ ನಾನು ಗೆದ್ದಿಲ್ಲೇನ?” ಅಂದ.

“ನಾ ಏನ್ ಹೇಳ್ಲಿ? ಉಳ್ಳಾಗಡ್ಡಿನ್ನ ಕೇಳ್ರಿ.”

ಮುಂದಿನ ಮೂರು ವಾರ ಬರಿಗೈಯಲ್ಲಿ ಯುದ್ಧ. ಒಂದು ಸಲ ಎಂಟು ರೊಟ್ಟಿ ಏರಿ, ಅರ್ಧ ದಾರಿಯಲ್ಲೇ ಇಳಿದುಬಿಟ್ಟ. ಎಲ್ಲ ಮುಗಿಯಿತೆಂದು ತಲೆ ತಗ್ಗಿಸಿ ಬಂದವನಿಗೆ ಸಗೀರಾ, “ಬಿದ್ದದ್ದೂ ಲೆಕ್ಕಕ್ಕ ಐತ್ರಿ, ನಾಳೆ ಅದ ಬಸ್ಸ ಹತ್ರಿ” ಅಂದರು. ಹತ್ತಿದ.

ಮದುವೆಯ ದಿನ ಬಂತು. ಗಂಡಹೆಂಡತಿ ಬಸ್ಸಿನಲ್ಲಿ ಕೂತರು. ಮಂದಿ ಮೂರು ವರ್ಷದ ಹಿಂದಿನದಕ್ಕಿಂತ ಹೆಚ್ಚು. ಕಂಡಕ್ಟರ್ ಮಾತ್ರ ಅದೇ ಕಾಸಿಂಸಾಬ. ಹಿಪ್ಪರಗಿ ದಾಟಿ, ತಾಳಿಕೋಟೆ ಇನ್ನೂ ದೂರವಿರುವಾಗ ಗಾಲಿ ಪಂಚರ್ ಆಗಿ ಬಸ್ಸು ಬಟಾಬಯಲಲ್ಲಿ ನಿಂತಿತು. ಗಾಳಿಯಿಲ್ಲ. ಯಾರದೋ ಗಂಟು ಬಾಗಿಲಿಗೆ ಅಡ್ಡ. ಎದೆಯ ನಾಯಿ ಬೊಗಳತೊಡಗಿತು. ಐದು ರೊಟ್ಟಿ, ಏಳು, ಒಂಬತ್ತು. ಕೈ ಜೋಮು ಹಿಡಿಯಿತು.

ಶಂಕ್ರೆವ್ವ ಅವನ ಮುಖ ನೋಡಿದಳು. ಬುತ್ತಿ ಬಿಚ್ಚಿ, ಉಣ್ಣಲೆಂದು ತಂದಿದ್ದ ಉಳ್ಳಾಗಡ್ಡಿ ಅವನ ಮೂಗಿನ ಹತ್ತಿರ ತಂದಳು. ಅತ್ತ ಕಾಸಿಂಸಾಬನಿಗೂ ಗುರುತು ಹತ್ತಿತು. “ಅರೆ, ಕಾಕಾ! ನೀವ ಅಲ್ಲೇನ್ರಿ ಅವತ್ತು ಇಳಿದವರು? ಇಳೀತೀರೇನು? ಗಂಟು ಸರಿಸಿ ದಾರಿ ಮಾಡ್ಲೇನು?”

ಇಡೀ ಬಸ್ಸು ತಿರುಗಿ ನೋಡಿತು. ಮುಂದೆ ಬಾಗಿಲು, ಮೂಗಿನ ಕೆಳಗೆ ಉಳ್ಳಾಗಡ್ಡಿ, ಬೆನ್ನ ಹಿಂದೆ ರಾಮವ್ವ ಕೊಟ್ಟ ನೀರು. ಅಮೋಘಸಿದ್ಧ ನಿಧಾನವಾಗಿ ಉಳ್ಳಾಗಡ್ಡಿ ಕೈಗೆ ತೆಗೆದುಕೊಂಡ. ಮೂಸಲಿಲ್ಲ. ಪಕ್ಕದ ಕಬ್ಬಿಣದ ಟ್ರಂಕಿನ ಮೇಲೆ ಅದನ್ನು ಕೂರಿಸಿ, ತೋಳದ ಮೇಲೆ ಬಡಿಗೆ ಎತ್ತಿದ್ದ ಅದೇ ಕೈ ಮುಷ್ಟಿ ಕಟ್ಟಿ ಒಂದೇ ಗುದ್ದು ಗುದ್ದಿದ. ಉಳ್ಳಾಗಡ್ಡಿ ನಾಲ್ಕು ಹೋಳಾಯಿತು.

“ಮುದ್ದೇಬಿಹಾಳದ ಟಿಕೇಟ್ ತಗೊಂಡೇನಿ, ನಡುವ ಯಾಕ ಇಳೀಲಿ?” ಅಂದ. “ಶಂಕ್ರಿ, ರೊಟ್ಟಿ ಕೊಡು.”

ಒಂಬತ್ತು ರೊಟ್ಟಿ ಅಂಜಿಕೆಯ ನಡುವೆಯೇ ಒಂದು ಖರೇ ರೊಟ್ಟಿ ಮುರಿದ. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಎರಡನೆಯದು ಇಳಿಯಿತು. ಮೂರು ವರ್ಷ ತನ್ನನ್ನು ಕಾದ ಅಂಗರಕ್ಷಕನನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ಅದ್ದಿ ತಿಂದ. ಮೂರು ರೊಟ್ಟಿ ಹೊಟ್ಟೆಗೆ ಇಳಿಯುವಷ್ಟರಲ್ಲಿ ಅಂಜಿಕೆ ಒಂಬತ್ತರಿಂದ ನಾಲ್ಕಕ್ಕೆ ಇಳಿದಿತ್ತು. ಗಾಲಿ ಕೂಡಿಸಿ ಬಸ್ಸು ಹೊರಟಾಗ ಅವನು ಕಾಸಿಂಸಾಬನಿಗೂ ಒಂದು ತುಂಡು ಚಾಚಿದ್ದ.

ಅಕ್ಷತೆಗೆ ಇನ್ನೂ ಒಂದು ತಾಸು ಇರುವಾಗಲೇ ಹಂದರದ ಬಾಗಿಲಲ್ಲಿ ಕುಡುಗೋಲು ಮೀಸೆ ಕಾಣಿಸಿತು. ರಾಮವ್ವ ಕೈಯಲ್ಲಿದ್ದ ತಾಟು ಬಿಟ್ಟು ಓಡಿಬಂದು ಅಣ್ಣನ ತೋಳು ಹಿಡಿದಳು, ಇದು ಅಣ್ಣನೇ ಹೌದೋ ಅಲ್ಲವೋ ಎಂದು ಒತ್ತಿ ನೋಡುವಂತೆ. ಶೇವಂತೆವ್ವನ ಬೆನ್ನ ಹಿಂದೆ ಅವನು ನಿಂತಾಗ ಮಂದಿ ನೂಕಾಡಿತು, ವಾಲಗ ಕಿವಿಯಲ್ಲೇ ಊದಿತು, ನಾಯಿ ಮತ್ತೆರಡು ಸಲ ಬೊಗಳಿತು. ಬೊಗಳಲಿ ಎಂದು ಬಿಟ್ಟ. ಹಿಂಡು ಕದಲಲಿಲ್ಲ. ಸೋದರಸೊಸೆಯ ತಲೆಯ ಮೇಲೆ ಅಕ್ಷತೆ ಬಿತ್ತು. ಅರ್ಧ ಅವನ ರುಮಾಲಿನ ಮೇಲೂ ಬಿತ್ತು.

ರಾಮವ್ವ ಕಣ್ಣೊರೆಸಿಕೊಂಡು ಹತ್ತಿರ ಬಂದವಳೇ ಮೂಗು ಮುಚ್ಚಿದಳು. “ಯಣ್ಣಾ, ಮದುವಿ ಮನ್ಯಾಗ ಎಷ್ಟ ಉಳ್ಳಾಗಡ್ಡಿ ನಾರಾಕತ್ತೀಯೋ!”

“ನಾರಲಿ ಬಿಡವ್ವಾ,” ಅಂದ ಅಮೋಘಸಿದ್ಧ, ಮೀಸೆ ತಿರುವುತ್ತ. “ಇವತ್ತು ಅದನ್ನ ಹೊತ್ಕೊಂಡು ಬಂದಿಲ್ಲ. ತಿಂದು ಬಂದೇನಿ.”